ಭೀಮಶಾನ ಗಾಡಿಯೂ ನನ್ನ ಸಾವಧಾನವೂ

ಈಜು ಕಲಿಸುವವನಿಗೆ ಈಜು ಬರಬೇಕು, ಕಾರು ಕಲಿಸುವವನಿಗೆ ಕಾರು ಬರಬೇಕು ಎಂದು ಜನ ತಿಳಿದಿದ್ದಾರೆ. ಅಲ್ಲಿ ತಪ್ಪಿದರೆ ಜೀವ ಹೋಗುತ್ತದೆ, ಆದ್ದರಿಂದ ಅದು ಸರಿಯೂ ಇರಬಹುದು. ವಿಶ್ವವಿದ್ಯಾಲಯದಲ್ಲಿ ಇಂಥ ಕಟ್ಟಳೆ ಇಲ್ಲ. ಅಲ್ಲಿ ಬೇಕಾದದ್ದು ಒಂದು ಸಿಲಬಸ್ಸು, ಒಂದು ಟೈಮ್ ಟೇಬಲ್ಲು, ಆ ಟೈಮ್ ಟೇಬಲ್ಲಿನ ಖಾಲಿ ಚೌಕದಲ್ಲಿ ಹೆಸರು ಬರೆಸಿಕೊಳ್ಳಲು ಒಬ್ಬ ಮನುಷ್ಯ. ನಾನು ಕಲಬುರಗಿಯಲ್ಲಿ ಮನಶ್ಶಾಸ್ತ್ರದ ಮೇಷ್ಟರಾಗಿದ್ದಾಗ ‘ಸಾವಧಾನ ಆಧಾರಿತ ಆಪ್ತ ಸಮಾಲೋಚನೆ’ ಎಂಬ ಪತ್ರಿಕೆಯನ್ನು ಎರಡು ವರ್ಷ ಪಾಠ ಮಾಡಿದೆ. ಹೆಸರು ಕೇಳಿ ಗಾಬರಿಯಾಗಬೇಡಿ. ಮನಸ್ಸನ್ನು ಹಿಂದಕ್ಕೂ ಮುಂದಕ್ಕೂ ಓಡಲು ಬಿಡದೆ ಈಗ ನಡೆಯುತ್ತಿರುವುದರ ಮೇಲೆ, ಅಂದರೆ ಉಸಿರಿನ ಮೇಲೆ, ಕೈಕಾಲಿನ ಮೇಲೆ, ಬಾಯೊಳಗಿನ ತುತ್ತಿನ ಮೇಲೆ ನಿಲ್ಲಿಸುವುದು. ಹಾಗೆ ನಿಲ್ಲಿಸಲು ತಾನು ಕಲಿತು, ತೊಂದರೆಯಲ್ಲಿರುವ ಇನ್ನೊಬ್ಬರಿಗೂ ಕಲಿಸುವುದು. ಸಾರ ಇಷ್ಟೇ. ಇದನ್ನು ಕಲಿಸುತ್ತಿದ್ದ ಮನುಷ್ಯ ಎಂಥವನೆಂದರೆ, ಮನೆ ಬಿಟ್ಟು ಕುಸನೂರ ರಸ್ತೆಯ ಸ್ಟಾಪಿನ ತನಕ ಹೋಗಿ, ಗ್ಯಾಸಿನ ರೆಗ್ಯುಲೇಟರು ಬಂದ್ ಮಾಡಿದ್ದೆನೋ ಇಲ್ಲವೋ ಎಂದು ತಿರುಗಿ ಮನೆಗೆ ಓಡುವವನು. ಒಮ್ಮೆ ಹಾಗೆ ಓಡಿ ಬಂದು, ಚಪ್ಪಲಿಯಲ್ಲೇ ಅಡುಗೆಮನೆಗೆ ನುಗ್ಗಿ, ಬಗ್ಗಿ, ರೆಗ್ಯುಲೇಟರು ತಿರುವಿ, ಸಮಾಧಾನದಿಂದ ಎದ್ದು ನಿಂತೆ. ಹೆಂಡತಿ ಹಿಟ್ಟಿನ ಕೈಯಲ್ಲಿ ಪಕ್ಕದಲ್ಲೇ ಕೂತಿದ್ದಳು. ‘ರೊಟ್ಟಿ ಹಂಚಿನ ಮ್ಯಾಲದ. ಬೇಯತನಕ ಹಚ್ಚಿಕೊಡ್ತೀರೇನು, ಇಲ್ಲಾ ಹಸೀದೇ ಕಟ್ಟಿಕೊಡ್ಲೋ?’ ಎಂದಳು. ನಾನು ಆ ದಿನ ಕ್ಲಾಸಿನಲ್ಲಿ ‘ಎದುರಿಗಿರುವುದನ್ನು ಇದ್ದ ಹಾಗೆ ಕಾಣುವುದು’ ಎಂಬ ಅಧ್ಯಾಯವನ್ನು ಮುಗಿಸಬೇಕಾಗಿತ್ತು. ಮುಗಿಸಿದೆ.

ಈ ಪತ್ರಿಕೆ ನನ್ನ ಕೊರಳಿಗೆ ಬಿದ್ದದ್ದು ನನ್ನದೇ ಜಾಣತನದಿಂದ. ನಮ್ಮ ವಿಭಾಗದ ಮುಖ್ಯಸ್ಥರು ಪುಣೆಯಲ್ಲಿ ಮೂರು ವಾರದ ತರಬೇತಿಗೆ ಹೋಗಿ, ಬರುವಾಗ ಒಂದು ದಪ್ಪ ಫೈಲು ತಂದರು. ಪರದೇಶಗಳಲ್ಲಿ ಈಗ ಎಲ್ಲರೂ ಇದನ್ನೇ ಮಾಡುತ್ತಿದ್ದಾರೆ, ನಾವು ಹಿಂದೆ ಬೀಳಬಾರದು ಎಂದು ಸಭೆ ಕರೆದರು. ಯಾರು ಪಾಠ ಮಾಡುತ್ತೀರಿ ಎಂದು ಕೇಳಿದಾಗ ಒಬ್ಬರು ತಮಗೆ ಮಂಡಿನೋವು, ನೆಲದ ಮೇಲೆ ಕೂಡಲು ಆಗುವುದಿಲ್ಲ ಎಂದರು. ಇನ್ನೊಬ್ಬರು ಕಣ್ಣು ಮುಚ್ಚಿದರೆ ತಮಗೆ ತಲೆ ತಿರುಗುತ್ತದೆ ಎಂದರು. ನಾನು ಎಂದಿನಂತೆ ಸುಮ್ಮನಿದ್ದೆ. ಮುಖ್ಯಸ್ಥರು ನನ್ನ ಕಡೆ ತಿರುಗಿದರು. ‘ನೀವು ತೊಗೋರಿ. ಭಾಳ ಶಾಂತ ಮನುಷ್ಯಾರು ನೀವು. ಹತ್ತು ವರ್ಷದಿಂದ ನೋಡಾಕತ್ತೀನಿ, ಮೀಟಿಂಗಿನ್ಯಾಗ ಒಂದು ಮಾತು ಆಡಿಲ್ಲ.’ ನಾನು ಹತ್ತು ವರ್ಷ ಮಾತಾಡದೆ ಇದ್ದದ್ದು, ಬಾಯಿ ಬಿಟ್ಟರೆ ಕೆಲಸ ನನಗೇ ಹಚ್ಚುತ್ತಾರೆ ಎಂಬ ಭಯದಿಂದ. ಅದನ್ನು ಹೇಳಬೇಕಾದರೆ ಬಾಯಿ ಬಿಡಬೇಕಾಗಿತ್ತು. ಬಿಡಲಿಲ್ಲ.

ಮೊದಲ ವರ್ಷ ಆರು ಜನ ವಿದ್ಯಾರ್ಥಿಗಳು ಸೇರಿದರು. ಬೇರೆ ಐಚ್ಛಿಕ ಪತ್ರಿಕೆಗಳಲ್ಲಿ ಅಂಕಿಸಂಖ್ಯೆ ಇತ್ತು, ಇದರಲ್ಲಿ ಇರಲಿಲ್ಲ, ಅಷ್ಟೇ ಕಾರಣ. ಫೈಲಿನಲ್ಲಿ ಹೇಳಿದ ಮೊದಲ ಅಭ್ಯಾಸ ಒಣದ್ರಾಕ್ಷಿಯದು. ಒಂದೇ ಒಂದು ಒಣದ್ರಾಕ್ಷಿಯನ್ನು ಅಂಗೈಯಲ್ಲಿಟ್ಟುಕೊಂಡು, ಅದರ ಸುಕ್ಕು ನೋಡಿ, ಮೂಸಿ, ನಾಲಗೆಯ ಮೇಲಿಟ್ಟು, ಐದು ನಿಮಿಷ ಹಿಡಿದು ತಿನ್ನಬೇಕು. ನಾನು ಒಬ್ಬೊಬ್ಬರಿಗೆ ಒಂದೊಂದು ಕೊಟ್ಟು, ಗಡಿಯಾರ ನೋಡಿ ತಲೆ ಎತ್ತುವುದರೊಳಗೆ ಐದು ಜನರದು ಮುಗಿದಿತ್ತು. ಆರನೆಯವಳು ಜಗದೇವಿ, ಮಹಾಗಾಂವದ ಹುಡುಗಿ, ದಿನವೂ ಬಸ್ಸಿನಲ್ಲಿ ಓಡಾಡುತ್ತಿದ್ದವಳು. ಅವಳು ದ್ರಾಕ್ಷಿಯನ್ನು ಕೈಯಲ್ಲೇ ಹಿಡಿದು ಕೂತಿದ್ದಳು. ಒಬ್ಬಳಾದರೂ ಇದ್ದಾಳಲ್ಲ ಎಂದು ಹಿಗ್ಗಿ ‘ಏನು ಅನ್ನಿಸ್ತದ?’ ಎಂದು ಕೇಳಿದೆ. ‘ಸರ್, ನಮ್ಮ ಮನ್ಯಾಗ ಒಂಬತ್ತು ಮಂದಿ. ಹಿಂಗ ಒಂದೊಂದಕ್ಕ ಐದು ನಿಮಿಷ ಹಿಡದ್ರ ಎರಡನೇದು ನಮ್ಮ ಪಾಲಿಗೆ ಉಳಿಯಂಗಿಲ್ರಿ’ ಎಂದಳು. ಫೈಲಿನಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಅದನ್ನು ಬರೆದವರ ಮನೆಯಲ್ಲಿ ಎಷ್ಟು ಜನ ಇದ್ದರೋ ಗೊತ್ತಿಲ್ಲ.

ಪರೀಕ್ಷೆಗೆ ಮೊದಲು ಪ್ರತಿಯೊಬ್ಬರೂ ಒಬ್ಬ ನಿಜವಾದ ಸಲಹಾರ್ಥಿಯನ್ನು, ಅಂದರೆ ತೊಂದರೆಯಲ್ಲಿರುವ ಒಬ್ಬರನ್ನು, ಹುಡುಕಿ, ಎಂಟು ಸಲ ಭೇಟಿಯಾಗಿ, ಏನು ಮಾಡಿದೆವು, ಏನಾಯಿತು ಎಂದು ದಾಖಲೆ ಪುಸ್ತಕ ಬರೆಯಬೇಕಾಗಿತ್ತು. ಉಳಿದ ಐವರು ತಮ್ಮ ಹಾಸ್ಟೆಲಿನಲ್ಲೇ ಪರೀಕ್ಷೆಯ ಭಯ ಇದ್ದವರನ್ನು ಹಿಡಿದರು. ಅದಕ್ಕೆ ಕೊರತೆ ಇರಲಿಲ್ಲ. ಜಗದೇವಿ ಮಾತ್ರ ಒಂದು ದಿನ ನನ್ನ ಕೋಣೆಗೆ ಬಂದು, ‘ಸರ್, ನಮ್ಮ ಬಸ್ಸಿನ ಡ್ರೈವರ್ ಕಾಕಾ ಅದಾರ್ರಿ, ಭೀಮಶಾ ಅಂತ. ನಾಕು ತಿಂಗಳಾತು ಸ್ಟೇರಿಂಗ್ ಮುಟ್ಟಿಲ್ರಿ’ ಎಂದಳು. ಸಲಹಾರ್ಥಿಯನ್ನು ಕಾಕಾ, ಮಾಮಾ ಎಂದು ಕರೆಯಬಾರದೆಂದು ನಾನು ಹಿಂದಿನ ವಾರವಷ್ಟೇ ಪಾಠ ಮಾಡಿದ್ದೆ. ನೆನಪಿಸಿದೆ. ‘ಮತ್ತೇನ್ ಅನ್ನಲ್ರಿ? ಏಳು ವರ್ಷ ಹೊಲದ ದಂಡಿ ಹಿಡದು ಓಡಿ ಬರೋದು ನೋಡಿ ಗಾಡಿ ನಿಂದರ್ಸ್ಯಾರ. ಅವರಿಲ್ಲಂದ್ರ ನಾ ಎಸ್ಸೆಸ್ಸೆಲ್ಸಿನೂ ಮುಗಸ್ತಿದ್ದಿಲ್ಲ. ಈಗ ಹೋಗಿ ಭೀಮಶಾ ಅವರೇ ಅಂದ್ರ ನನಗ ಹುಚ್ಚು ಹಿಡದದ ಅಂತಾರ್ರಿ’ ಎಂದಳು. ಆ ನಿಯಮ ಅಲ್ಲಿಗೇ ಬಿತ್ತು.

ಭೀಮಶಾನ ಮನೆ ಕಮಲಾಪುರದಲ್ಲಿ, ದೊಡ್ಡ ರಸ್ತೆಗೆ ಹತ್ತಿಕೊಂಡೇ ಇತ್ತು. ಮೇಲ್ವಿಚಾರಕನಾಗಿ ನಾನೂ, ನೋಡಿ ಕಲಿಯಲು ಉಳಿದ ಐವರೂ, ಪ್ರತಿ ಗುರುವಾರ ಜಗದೇವಿಯ ಹಿಂದೆ ಹೋಗುವುದೆಂದು ಗೊತ್ತಾಯಿತು. ಕಲಬುರಗಿಯಿಂದ ಕಮಲಾಪುರಕ್ಕೆ ಬಸ್ಸಿನಲ್ಲಿ ಒಂದು ತಾಸು. ಅದರಲ್ಲಿ ಕುರಿಕೋಟಾ ಸೇತುವೆಯ ಮೇಲೆ ಕಳೆಯುವ ಒಂದೆರಡು ನಿಮಿಷ ನನ್ನ ಲೆಕ್ಕದಲ್ಲಿ ಇನ್ನೊಂದು ತಾಸು. ಕೆಳಗೆ ನೀರು, ಪಕ್ಕದಲ್ಲಿ ಕಟಾಂಜನ, ನಡುವೆ ನಾನು. ಸೇತುವೆ ಗಟ್ಟಿಯಾಗಿಯೇ ಇತ್ತು, ಅದರ ಮೇಲೆ ನನಗೆ ಯಾವ ದೂರೂ ಇಲ್ಲ. ಆದರೆ ಮನಸ್ಸಿಗೆ ದೂರಲು ಕಾರಣ ಬೇಕೆಂದೇನಿಲ್ಲ. ವಿದ್ಯಾರ್ಥಿಗಳು ನಾನು ಕಣ್ಣು ಮುಚ್ಚಿ ಉಸಿರಿನ ಮೇಲೆ ಗಮನವಿಟ್ಟಿದ್ದೇನೆಂದು ತಿಳಿಯುತ್ತಿದ್ದರು.

ವಿಚಿತ್ರವೆಂದರೆ ಭೀಮಶಾನ ತೊಂದರೆಯೂ ಆ ಸೇತುವೆಯ ಮೇಲೇ ಹುಟ್ಟಿದ್ದು. ಐವತ್ತರ ಹತ್ತಿರದ, ಅಗಲ ಭುಜದ ಮನುಷ್ಯ. ಇಪ್ಪತ್ತೆರಡು ವರ್ಷದಲ್ಲಿ ಒಂದು ಕೋಳಿಯನ್ನೂ ತುಳಿಸಿದವನಲ್ಲ. ಮೊದಲ ಭೇಟಿಯಲ್ಲಿ ಅಂಗಳದ ಹೊರಸಿನ ಮೇಲೆ ಕೂತು, ತನ್ನ ಕೈಗಳನ್ನು ಬೇರೆ ಯಾರದೋ ಎಂಬಂತೆ ನೋಡಿಕೊಳ್ಳುತ್ತ ಹೇಳಿದ: ‘ಏನೂ ಆಗಿಲ್ರಿ ಸರ್. ಎಕ್ಸಿಡೆಂಟ್ ಇಲ್ಲ, ಏನಿಲ್ಲ. ಬ್ರಿಜ್ಜಿನ ಮ್ಯಾಲ ಹೊಂಟಿದ್ದೆ. ಒಮ್ಮಿಂದೊಮ್ಮೆ ಅನಿಸ್ತು, ಈ ಚಕ್ಕರ ನಾಕು ಬಟ್ಟು ಹಿಂಗ ತಿರಿವಿದ್ರ ಐವತ್ತು ಮಂದಿ ನೀರಾಗ. ಇದನ್ನ ಹಿಡದಾಂವ ನಾನೇ ಅಲಾ ಅಂತ. ಇಪ್ಪತ್ತೆರಡು ವರ್ಷ ನನಗ ಗೊತ್ತೇ ಇದ್ದಿಲ್ರಿ, ನಾ ಹಿಡದೀನಿ ಅನ್ನೋದು. ಅವತ್ತ ಗೊತ್ತಾತು. ಕೈ ಹಿಡಕೊಂಬಿಟ್ಟವು.’ ಹೇಗೋ ಸೇತುವೆ ದಾಟಿಸಿ, ಗಾಡಿ ಬದಿಗೆ ನಿಲ್ಲಿಸಿ, ಇಳಿದವನು ಮತ್ತೆ ಹತ್ತಿರಲಿಲ್ಲ. ರಜೆಯ ಮೇಲೆ ರಜೆ ಹಾಕಿದ್ದ. ಅದು ಮುಗಿಯಲು ಎರಡು ತಿಂಗಳು ಉಳಿದಿತ್ತು. ಅಷ್ಟರಲ್ಲಿ ಮನಸ್ಸಿನ ವಿಷಯ ತಿಳಿದವರಿಂದ ‘ಗಾಡಿ ಹೊಡೆಯಬಹುದು’ ಎಂಬ ಕಾಗದ ತಂದರೆ ಸರಿ, ಇಲ್ಲದಿದ್ದರೆ ಡಿಪೊದವರು ಸ್ಟೇರಿಂಗಿನಿಂದ ಕಾಯಮ್ಮಾಗಿ ಇಳಿಸಿ ಗಾಡಿ ತೊಳೆಯುವ ಕಡೆಗೆ ಹಾಕುತ್ತಾರೆ. ‘ತೊಳಿಯೋದ್ರಾಗ ನಾಚಿಕಿ ಇಲ್ರಿ ಸರ್’ ಎಂದ ಭೀಮಶಾ. ‘ಆದ್ರ ನಾ ತೊಳದ ಗಾಡಿ ಇನ್ನೊಬ್ಬಾಂವ ಹೊಡಕೊಂಡು ಹೋಗೋದು ದಿನಾ ನಿಂತು ನೋಡಬೇಕಲ್ರಿ. ಅದು ಆಗಂಗಿಲ್ಲ.’ ಅವನ ಹೆಂಡತಿ ನಾಗಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ‘ಮನ್ಯಾಗ ಕುಂತು ಕುಂತು ನನ್ನ ಹಂಚು, ತವಾ ಎಲ್ಲ ಎರಡೆರಡು ಸಲ ತೊಳದು ಇಟ್ಟಾನ್ರಿ. ಲಗೂನ ಕಳಸ್ರಿ ಇವನ್ನ’ ಎಂದಳು.

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. ಭೀಮಶಾನ ರೋಗ ಏನೆಂದರೆ ಗಮನ. ತನ್ನ ಕೈ ಏನು ಮಾಡುತ್ತಿದೆ ಎಂಬುದು ಅವನಿಗೆ ಗೊತ್ತಾಗಿಬಿಟ್ಟಿತ್ತು. ನನ್ನ ಹತ್ತಿರ ಇದ್ದ ಔಷಧವೂ ಗಮನವೇ. ಕೈ ಏನು ಮಾಡುತ್ತಿದೆ ನೋಡಿಕೋ ಎಂದು ಹೇಳಿಕೊಡುವ ವಿದ್ಯೆ. ಇದು ಮೊದಲ ದಿನವೇ ನನಗೆ ಹೊಳೆಯಿತು. ಆದರೆ ಸೆಮಿಸ್ಟರು ಅರ್ಧ ಮುಗಿದಿತ್ತು, ಫೈಲಿನಲ್ಲಿ ಬೇರೆ ಔಷಧ ಇರಲಿಲ್ಲ, ಹುಡುಗಿಗೆ ಎಂಟು ಭೇಟಿ ಬೇಕಾಗಿತ್ತು. ನಾನು ಸುಮ್ಮನಿದ್ದೆ. ಸುಮ್ಮನಿರುವುದರಲ್ಲಿ ನನಗೆ ಹತ್ತು ವರ್ಷದ ಅನುಭವ ಇತ್ತು.

ಭೇಟಿಗಳಿಗೆ ನಾನು ಕೆಲವು ಕಟ್ಟುನಿಟ್ಟು ಮಾಡಿದೆ. ಮೊದಲ ದಿನ ನಾಗಮ್ಮ ಏಳು ಜನಕ್ಕೂ ಚಹಾ ಮಾಡಿ, ಆಮೇಲೆ ಕಮಲಾಪುರದ ಕೆಂಪು ಬಾಳೆಹಣ್ಣು ತಂದಿಟ್ಟು, ಅದು ಮುಗಿದ ಮೇಲೆ ಮಂಡಕ್ಕಿಯ ಸುಸಲಾ ಮಾಡಲೇ ಎಂದು ಕೇಳಿ, ಭೀಮಶಾನ ಉಸಿರಿನ ಸರದಿ ಬರುವ ಹೊತ್ತಿಗೆ ನಮ್ಮ ವಾಪಸು ಬಸ್ಸು ಬಂದಿತ್ತು. ಆದ್ದರಿಂದ ಚಹಾ ಇಲ್ಲ ಎಂದು ಖಂಡಿತ ಮಾಡಿದೆ. ಬಣ್ಣಬಣ್ಣದ ಬಟ್ಟೆ ಕಣ್ಣು ಸೆಳೆಯುತ್ತದೆ, ಬಿಳಿಯದನ್ನೋ ಮಾಸಲು ಬಣ್ಣದ್ದನ್ನೋ ಹಾಕಿಕೊಂಡು ಬನ್ನಿ ಎಂದು ವಿದ್ಯಾರ್ಥಿಗಳಿಗೆ ಹೇಳಿದೆ. ಅಭ್ಯಾಸ ಮುಗಿದ ಮೇಲೆ ಹೋಗಿ ಬರುತ್ತೇವೆ, ಆಯಿತೇ, ಊಟ ಏನು ಎಂದೆಲ್ಲ ಮಾತು ಶುರುವಾದರೆ ಮನಸ್ಸು ಮತ್ತೆ ಕದಡುತ್ತದೆ. ಸದ್ದಿಲ್ಲದೆ ಎದ್ದು ನಡೆಯಬೇಕು ಎಂದೆ. ನಾಗಮ್ಮನಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ‘ಮನಿಗೆ ಬಂದವರು ಚಾ ಕುಡೀಲಾರದ, ಬರ್ತೀವಿ ಅನ್ನಲಾರದ ಎದ್ದು ಹೋದ್ರ ಹೆಂಗ್ರೀ? ನೋಡಿದವರು ಏನಂದಾರು?’ ಎಂದಳು. ವಿಜ್ಞಾನದ ವಿಷಯ ಎಂದು ಸಮಾಧಾನ ಮಾಡಿದೆ. ನಾನು ಅದೇ ಸೀಮೆಯಲ್ಲಿ ಹುಟ್ಟಿ, ಅದೇ ಸೀಮೆಯ ಎಷ್ಟೋ ಅಂಗಳಗಳಲ್ಲಿ ಹಾಗೆ ಕೂತು ಎದ್ದು ಬಂದವನು. ಯಾವ ಮನೆಯಲ್ಲಿ ನಮ್ಮವರು ಚಹಾ ಕುಡಿಯುವುದಿಲ್ಲ, ಯಾವ ಮನೆಯಿಂದ ಹೋಗಿ ಬರುತ್ತೇವೆ ಎನ್ನದೆ ಏಳುತ್ತಾರೆ ಎಂಬುದು ನನಗೆ ಗೊತ್ತಿರಬೇಕಾಗಿತ್ತು. ಆದರೆ ನಾನು ಆಗ ಈ ಕ್ಷಣದ ಮೇಲೆ ಗಮನ ಇಟ್ಟಿದ್ದೆನಲ್ಲ, ಹಿಂದಿನದು ಯಾವುದೂ ನೆನಪಾಗಲಿಲ್ಲ.

ಐದು ಭೇಟಿಗಳಲ್ಲಿ ಭೀಮಶಾ ಉಸಿರು ಎಣಿಸಲು ಕಲಿತ. ಸ್ಟೇರಿಂಗು ಎಂಬ ಮಾತು ಬಂದರೆ ಮಾತ್ರ ಅವನ ಬೆರಳುಗಳು ಒಳಕ್ಕೆ ಮಡಚಿಕೊಳ್ಳುತ್ತಿದ್ದವು. ಆರನೆಯ ಗುರುವಾರ ಫೈಲಿನ ಪ್ರಕಾರ ‘ಅಂಗಾಂಗ ಅವಲೋಕನ’ ಇತ್ತು. ಸಲಹಾರ್ಥಿ ಅಂಗಾತ ಮಲಗಬೇಕು, ಕೈಗಳು ಎರಡೂ ಬದಿಗೆ, ಅಂಗಾಲಿನಿಂದ ನೆತ್ತಿಯ ತನಕ ಒಂದೊಂದೇ ಅಂಗದ ಮೇಲೆ ಗಮನ ಹಾಯಿಸಬೇಕು. ಚಳಿಗಾಲದ ಹಗಲು, ಹಿತವಾದ ಬಿಸಿಲು. ನಾಗಮ್ಮ ಜೋಳದ ಡಬ್ಬಿ ಹೊತ್ತು ಗಿರಣಿಗೆ ಹೋಗಿದ್ದಳು. ಜಗದೇವಿ ಅಂಗಳದಲ್ಲಿ ಜಮಖಾನ ಹಾಸಿದಳು. ಭೀಮಶಾ ನಡುವೆ ಮಲಗಿದ. ಗಾಳಿ ತಣ್ಣಗಿತ್ತೆಂದು ಎದೆಯ ತನಕ ಬಿಳಿ ಚಾದರ ಹೊದಿಸಿದೆವು, ಬಿಸಿಲು ಕಣ್ಣಿಗೆ ಹೊಡೆಯುತ್ತದೆಂದು ಮುಖದ ಮೇಲೆ ಟವೆಲು ಹಾಕಿದೆವು. ನಾವು ಏಳು ಜನ, ಬಿಳಿ ಬಟ್ಟೆಯವರು, ಸುತ್ತಲೂ ತಲೆ ತಗ್ಗಿಸಿ ಕಣ್ಣು ಮುಚ್ಚಿ ಕೂತೆವು. ಚಪ್ಪಲಿಗಳು ಅಂಗಳದ ಹೊರಗೆ ಸಾಲಾಗಿದ್ದವು. ಜಗದೇವಿ ಮೆಲ್ಲಗೆ ‘ಹೆಬ್ಬೆರಳು... ಹಿಮ್ಮಡ... ಮೊಣಕಾಲು...’ ಎಂದು ಹೇಳುತ್ತ ಹೋದಳು. ಮೊಣಕಾಲು ಮುಟ್ಟುವುದರೊಳಗೆ ಭೀಮಶಾ ನಿದ್ದೆ ಹೋಗಿದ್ದ. ಅವಳು ಸೊಂಟದ ತನಕ ಒಬ್ಬಳೇ ಹೋಗಿ, ಆಮೇಲೆ ಸುಮ್ಮನಾದಳು.

ಮುಂದೆ ನಡೆದದ್ದನ್ನು ನಾನು ಕಣ್ಣಾರೆ ನೋಡಿಲ್ಲ, ಕಣ್ಣು ಮುಚ್ಚಿದ್ದೆ. ಎದುರು ಮನೆಯ ಕಾಶಮ್ಮ ಆಮೇಲೆ ಹೇಳಿದಂತೆ ಬರೆಯುತ್ತೇನೆ. ಆಕೆ ತೊಗರಿ ಹೊಲದಿಂದ ಬರುತ್ತಿದ್ದಳು. ‘ನೋಡ್ತೀನಿ, ಭೀಮಶಾ ಅಂಗಳದಾಗ ಮಲಗ್ಯಾನ, ಮಾರಿ ಮ್ಯಾಲ ಅರಿವಿ ಹಾಕ್ಯಾರ. ಸುತ್ತ ಮಂದಿ ಕುಂತಾರ, ಒಬ್ಬರೂ ಮಾತಾಡಂಗಿಲ್ಲ, ಒಬ್ಬರ ಮುಂದೂ ಚಾದ ಕಪ್ಪಿಲ್ಲ. ಈ ದೊಡ್ಡ ಸರ್ ಮಾರಿ ಅಂತೂ ನೋಡಾಕ ಆಗವಲ್ದು, ಸ್ವಂತ ಅಣ್ಣ ಹೋದಂಗ ಕುಂತಾರ. ಮತ್ತ ನಾ ಏನ ತಿಳಕೊಳ್ಳಿ?’ ಆಕೆ ತಿಳಿದುಕೊಂಡಳು, ಓಣಿಗೆಲ್ಲ ತಿಳಿಸಿದಳು. ನಮ್ಮ ಕಡೆ ಇಂಥ ಸುದ್ದಿಗೆ ಯಾರೂ ಎರಡನೆಯ ಮಾತು ಕೇಳುವುದಿಲ್ಲ, ಹೊರಟುಬಿಡುತ್ತಾರೆ. ಬಂದವರು ಚಪ್ಪಲಿ ಬಿಟ್ಟು, ನಾವು ಕೂತ ಹಾಗೇ ತಲೆ ತಗ್ಗಿಸಿ, ನಮ್ಮ ಹಿಂದೆ ಸದ್ದಿಲ್ಲದೆ ಕೂತರು. ಇಬ್ಬರು ಮೂವರು ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕತೊಡಗಿದರು.

ಬಿಕ್ಕುವ ಸದ್ದು ನನಗೆ ಕೇಳಿಸಿತು. ಫೈಲಿನ ಹದಿನಾಲ್ಕನೆಯ ಪುಟದಲ್ಲಿ ಸ್ಪಷ್ಟವಾಗಿ ಇತ್ತು: ಅಭ್ಯಾಸದ ನಡುವೆ ಅಳು ಬರಬಹುದು, ತಡೆಯಬೇಡಿ, ಕಣ್ಣು ತೆರೆಯಬೇಡಿ, ಬಂದದ್ದನ್ನು ಬಂದಂತೆ ಗಮನಿಸಿ. ವಿದ್ಯಾರ್ಥಿಗಳಲ್ಲಿ ಯಾರಿಗೋ ಒಳಗಿನ ಗಂಟು ಬಿಚ್ಚಿದೆ ಎಂದುಕೊಂಡೆ. ಅಳು ಒಬ್ಬರಿಂದ ಮೂವರಿಗೆ, ಮೂವರಿಂದ ಹತ್ತು ಜನಕ್ಕೆ ಹಬ್ಬಿದಾಗ ನನ್ನ ಪಾಠದ ಶಕ್ತಿಗೆ ನಾನೇ ಬೆರಗಾದೆ. ವಿದ್ಯಾರ್ಥಿಗಳೂ ಪುಟ ಓದಿಕೊಂಡೇ ಬಂದಿದ್ದರು, ಒಬ್ಬರೂ ಕಣ್ಣು ತೆರೆಯಲಿಲ್ಲ. ಇಪ್ಪತ್ತು ವರ್ಷದ ಅಧ್ಯಾಪಕ ವೃತ್ತಿಯಲ್ಲಿ ನನ್ನ ಮಾತನ್ನು ಅಷ್ಟು ನಿಷ್ಠೆಯಿಂದ ಪಾಲಿಸಿದ್ದು ಅದೊಂದೇ ಸಲ. ನಾವು ಅಲುಗಾಡದೆ ಕೂತದ್ದು ನೋಡಿ ಬಂದವರ ದುಃಖ ಇನ್ನಷ್ಟು ಹೆಚ್ಚಾಯಿತಂತೆ.

ಅಷ್ಟರಲ್ಲಿ ಕಲಬುರಗಿಗೆ ಹೊರಟ ಬಸ್ಸು ಬಂತು. ಅದನ್ನು ಹೊಡೆಯುತ್ತಿದ್ದವನು ಖಾಜಾಸಾಬ, ಭೀಮಶಾನ ಹಳೆಯ ಜೋಡಿ, ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಗೆಳೆಯನ ಅಂಗಳದಲ್ಲಿ ಆ ದೃಶ್ಯ ನೋಡಿದವನೇ ಬಸ್ಸನ್ನು ನಡುರಸ್ತೆಗೆ ಅಡ್ಡಡ್ಡ ನಿಲ್ಲಿಸಿ, ಇಂಜಿನ್ನು ಸಹ ಬಂದ್ ಮಾಡದೆ, ಹಾರಿ ಇಳಿದು ಬಂದ. ‘ಅರೇ ಭೀಮಶಾ, ಕ್ಯಾ ಹುವಾ ರೇ ತುಜೇ’ ಎಂದು ಅವನ ಪಾದದ ಕಡೆ ಕುಸಿದ. ಪ್ರಯಾಣಿಕರೂ ಇಳಿದು ನಿಂತರು. ಅವರಲ್ಲಿ ಅರ್ಧ ಜನಕ್ಕೆ ಭೀಮಶಾ ಗೊತ್ತು, ಉಳಿದರ್ಧ ಜನ ಗೊತ್ತಿದ್ದವರನ್ನು ನೋಡಿ ಟೋಪಿ ತೆಗೆದರು. ಬಸ್ಸಿನ ಹಿಂದೆ ಒಂದು ಲಾರಿ, ಅದರ ಹಿಂದೆ ಎರಡು ಟೆಂಪೊ, ಅದರ ಹಿಂದೆ ಇನ್ನೇನೇನೋ ನಿಂತವು. ಹಾರ್ನುಗಳು ಶುರುವಾದವು. ಹತ್ತು ಜನರ ಅಳುವಿಗೆ ಏಳದ ಭೀಮಶಾನನ್ನು ಆ ಬಸ್ಸಿನ ಇಂಜಿನ್ನು ಎಬ್ಬಿಸಿತು. ಟವೆಲಿನೊಳಗಿಂದಲೇ ಒಂದು ದನಿ ಬಂತು: ‘ಯಾರದು ಗಾಡಿ, ಅಡ್ಡ ಹಚ್ಚ್ಯಾರ? ರೇಸ್ ಕೇಳು, ಹೆಂಗ ಹೊಡಕೋಳಾಕತ್ತದ.’

ನಾನು ಕಣ್ಣು ತೆರೆದದ್ದು ಆಗ. ಆರು ವಿದ್ಯಾರ್ಥಿಗಳು ಇದ್ದ ಕಡೆ ಅರವತ್ತು ಜನ ಇದ್ದರು. ಭೀಮಶಾ ಟವೆಲು ಕಿತ್ತು ಎದ್ದು ಕೂತಿದ್ದ. ಕಾಶಮ್ಮ ತಾನು ಕೂತಲ್ಲಿಂದ ಕೂತಂತೆಯೇ ಒಂದು ಮಾರು ಹಿಂದೆ ಸರಿದಿದ್ದಳು. ಖಾಜಾಸಾಬ ನೆಲಕ್ಕೆ ಕೈಯೂರಿ ಗೆಳೆಯನ ಮುಖವನ್ನೇ ನೋಡುತ್ತಿದ್ದ. ಅವನ ಕೈಕಾಲು ಗಡಗಡ ನಡುಗುತ್ತಿದ್ದವು. ಬಸ್ಸಿನ ಕಂಡಕ್ಟರು ರಸ್ತೆಯಿಂದ ಕೂಗುತ್ತಿದ್ದ: ‘ಖಾಜಾ ಭಾಯ್, ಗಾಡಿ ತಗೀರಿ, ಹಿಂದ ಲಾರಿಯವ್ರು ಬೈಯಾಕತ್ತಾರ.’ ಖಾಜಾಸಾಬ ಏಳಲು ನೋಡಿ ಮತ್ತೆ ಕೂತ. ಭೀಮಶಾ ಗೆಳೆಯನ ಕಡೆ ಒಮ್ಮೆ, ರಸ್ತೆಯ ಕಡೆ ಒಮ್ಮೆ ನೋಡಿದ. ‘ಹಿಂಗೇನೋ ನಿಂದರ್ಸೋದು ಗಾಡಿ? ಲೈಸೆನ್ಸ್ ಯಾರು ಕೊಟ್ರೋ ನಿನಗ?’ ಎಂದು ಬೈಯುತ್ತ ಲುಂಗಿ ಎತ್ತಿ ಕಟ್ಟಿ, ಜನರ ನಡುವೆ ಹಾದು ಹೋಗಿ, ಬಾಗಿಲು ತೆಗೆದು ಹತ್ತಿದ. ಬಸ್ಸು ಒಮ್ಮೆ ಹಿಂದಕ್ಕೆ ಬಂದು, ಹದವಾಗಿ ಮುಂದಕ್ಕೆ ತಿರುಗಿ, ಸರಾಗವಾಗಿ ರಸ್ತೆಯಲ್ಲಿ ಹೊರಟುಹೋಯಿತು. ಲಾರಿ, ಟೆಂಪೊಗಳು ಹಿಂದೆ ಹೋದವು. ಸತ್ತವನು ಎದ್ದ ಎಂಬುದನ್ನೇ ಅರಗಿಸಿಕೊಳ್ಳುತ್ತಿದ್ದ ಆ ಜನಕ್ಕೆ ಅವನು ಬಸ್ಸು ಹೊಡೆದ ಎಂಬುದು ತಲೆಗೆ ಹೋಗಲಿಲ್ಲ. ಮೇಲ್ವಿಚಾರಕನಾದ ನನಗೂ ಹೋಗಲಿಲ್ಲ. ನಾನು ಅರವತ್ತು ಜನಕ್ಕೆ ಏನು ಹೇಳಲಿ ಎಂದು ಚಿಂತೆ ಮಾಡುತ್ತಿದ್ದೆ. ಜಗದೇವಿ ನನ್ನ ತೋಳು ಹಿಡಿದು, ‘ಸರ್, ಕಾಕಾ ಗಾಡಿ ಹೊಡದ್ರಲ್ರಿ’ ಎಂದಳು.

ಸ್ವಲ್ಪ ಹೊತ್ತಿಗೆ ಭೀಮಶಾ ನಡೆದುಕೊಂಡು ಬಂದ. ಹೆಗಲ ಮೇಲೆ ಹಿಟ್ಟಿನ ಡಬ್ಬಿ, ಮೀಸೆ ಭುಜ ಎಲ್ಲ ಬೆಳ್ಳಗಾಗಿದ್ದವು. ಹಿಂದೆ ನಾಗಮ್ಮ. ಗಿರಣಿಯ ಮುಂದೆ ಜಾಗ ಇತ್ತೆಂದು ಅಲ್ಲಿ ಬಸ್ಸು ಹಚ್ಚಿದ್ದ. ಆಕೆ ಅಲ್ಲೇ ಸಿಕ್ಕಿದ್ದಳು. ಮನೆ ಮುಂದಿನ ಜನ ನೋಡಿ ಆಕೆ ನಿಂತಳು. ‘ಯಾಕ ಈಟು ಮಂದಿ ಕೂಡ್ಯಾರ?’ ಜನ ತಮ್ಮ ತಮ್ಮ ಚಪ್ಪಲಿ ಹುಡುಕತೊಡಗಿದರು. ಕೊನೆಗೆ ಕಾಶಮ್ಮ, ‘ಏನಿಲ್ಲ ಬೇ, ಹಿಂಗ ಮಾತಾಡಿಸಿ ಹೋಗಾಮಂತ ಬಂದಿದ್ವಿ’ ಎಂದಳು. ವಿಷಯ ತಿಳಿದ ಮೇಲೆ ನಾಗಮ್ಮ ನನ್ನನ್ನು ಒಂದು ಕ್ಷಣ ನೋಡಿದಳು. ಒಳಗೆ ಹೋಗಿ ದೊಡ್ಡ ಪಾತೇಲಿಯಲ್ಲಿ ಚಹಾಕ್ಕೆ ನೀರಿಟ್ಟಳು. ಆ ಅಂಗಳಕ್ಕೆ ಬಂದ ಒಬ್ಬರೂ ಚಹಾ ಕುಡಿಯದೆ ಏಳಬಾರದೆಂದು ಕಾಶಮ್ಮ ಬಾಗಿಲಲ್ಲಿ ನಿಂತು ಕಾದಳು. ಪ್ರಯಾಣಿಕರಿಗೂ ಸಿಕ್ಕಿತು. ನಾನು ಎರಡು ಕಪ್ಪು ಕುಡಿದೆ. ಎಲ್ಲರೂ ಗಟ್ಟಿಯಾಗಿ ‘ಹೋಗಿ ಬರ್ತೀವಿ’ ಎಂದು ಹೇಳಿಯೇ ಎದ್ದರು. ಖಾಜಾಸಾಬನ ಕೈ ನಿಲ್ಲಲು ಮೂರು ಕಪ್ಪು ಬೇಕಾದವು. ಬಸ್ಸಿನ ಕಡೆ ಹೊರಟವನು ತಿರುಗಿ, ‘ನೋಡೋ ಭೀಮಶಾ, ಮುಂದಿನ ಸಲ ಖರೇ ಸತ್ರ ಒಂದು ಚೀಟಿ ಬರದು ಕಳಸು. ಹಂಗ ನಾ ಬರಂಗಿಲ್ಲ’ ಎಂದ.

ಭೀಮಶಾ ಮಾರನೆಯ ದಿನದಿಂದ ಡಿಪೊದ ಮೈದಾನದಲ್ಲಿ ಗಾಡಿ ಹೊಡೆಯಲು ಶುರು ಮಾಡಿದ. ಬೆರಳು ಮಡಚಿಕೊಳ್ಳಲಿಲ್ಲ. ಆದರೆ ಉಳಿದ ಎರಡು ಭೇಟಿ ಮುಗಿದ ಮೇಲೆ ಕಾಗದ ನಾನು ಬರೆಯಬೇಕಾಗಿತ್ತು. ನಾಲ್ಕು ದಿನ ಬರೆದೆ. ‘ಪ್ರಸ್ತುತ ಲಭ್ಯವಿರುವ ಅವಲೋಕನಗಳ ಮಿತಿಯಲ್ಲಿ, ವಿರುದ್ಧವಾದ ಲಕ್ಷಣಗಳು ಮುಂದೆ ಕಂಡುಬಾರದಿದ್ದ ಪಕ್ಷದಲ್ಲಿ’ ಎಂದು ಒಂದೂವರೆ ಪುಟ. ಜಗದೇವಿ ಓದಿ, ‘ಸರ್, ಇದ್ರಾಗ ಕಾಕಾ ಗಾಡಿ ಹೊಡಿಬೇಕೋ ಬ್ಯಾಡೋ ಅದೇ ತಿಳಿಯಂಗಿಲ್ರಿ. ಸೋಮವಾರ ರಜಾ ಮುಗೀತದ’ ಎಂದಳು. ನನ್ನ ಮುಂದೆಯೇ ಕೂತು ಎರಡು ಸಾಲು ಬರೆದಳು. ನಾನು ಎರಡನೆಯ ಸಲ ಓದದೆ ರುಜು ಮಾಡಿದೆ. ಹಾಜರಿ ಪುಸ್ತಕಕ್ಕೆ ರುಜು ಮಾಡುವಾಗಲೂ ತಾರೀಖನ್ನು ಎರಡು ಸಲ ನೋಡುವ ಮನುಷ್ಯ ನಾನು.

ಅವಳ ದಾಖಲೆ ಪುಸ್ತಕ ಇನ್ನೊಂದು ಪೇಚು. ಆರನೆಯ ಭೇಟಿಯ ಕೆಳಗೆ ಅವಳು ಬರೆದದ್ದು: ‘ಸಲಹಾರ್ಥಿ ನಿದ್ದೆ ಹೋದರು. ಅವರು ತೀರಿಕೊಂಡರೆಂದು ಊರವರು ತಿಳಿದರು. ಬಸ್ಸು ಅಡ್ಡ ನಿಂತಿತ್ತು. ತೆಗೆದರು.’ ನಾನು ಅದನ್ನು ಹೊಡೆದು, ‘ಸಹಜ ಪರಿಸರದಲ್ಲಿ, ಸಮುದಾಯದ ಸಕ್ರಿಯ ಭಾಗವಹಿಸುವಿಕೆಯೊಂದಿಗೆ, ವರ್ತನೆಯ ಪುನರಾರಂಭ’ ಎಂದು ತಿದ್ದಿದೆ. ಹೊರಗಿನಿಂದ ಬಂದ ಪರೀಕ್ಷಕರು ಅದರ ಕೆಳಗೆ ಗೆರೆ ಎಳೆದು ತಲೆದೂಗಿದರು. ಪರೀಕ್ಷೆ ಮುಗಿಸಿ ಹೊರಗೆ ಬಂದ ಜಗದೇವಿ ನನ್ನನ್ನು ಒಂದು ಮಾತು ಕೇಳಿದಳು. ‘ಸರ್, ಅವತ್ತ ಕಾಕಾ ಗಾಡಿ ತಗಿಯೋವಾಗ ಅವರ ಕೈ ಮ್ಯಾಲ ಅವರ ಲಕ್ಷ್ಯ ಇತ್ತೇನ್ರಿ?’ ನಾನು ಕನ್ನಡಕ ತೆಗೆದು ಒರೆಸಿದೆ. ‘ಇದ್ದಿಲ್ಲ’ ಎಂದೆ. ‘ನನಗೂ ಹಂಗ ಅನಿಸ್ತು. ಖಾಜಾ ಕಾಕಾನ ಮ್ಯಾಲ ಸಿಟ್ಟಿತ್ತು, ಆಟೇ’ ಎಂದು ಹೇಳಿ ಹೋದಳು. ನನ್ನ ಇಡೀ ಪಾಠವನ್ನು ಅವಳು ವಿಭಾಗದ ಮೆಟ್ಟಿಲ ಮೇಲೆ ನಿಂತು ಒಂದೇ ಉಸಿರಿನಲ್ಲಿ ಮುಗಿಸಿದಳು.

ಇದಾದ ಒಂದು ತಿಂಗಳಿಗೆ ಬೇರೆ ಕೆಲಸಕ್ಕೆಂದು ಕಮಲಾಪುರಕ್ಕೆ ಹೋಗಿದ್ದೆ. ವಾಪಸು ಬರಲು ಸ್ಟಾಪಿನಲ್ಲಿ ನಿಂತಾಗ ಬಂದ ಬಸ್ಸಿನ ಸ್ಟೇರಿಂಗಿನ ಹಿಂದೆ ಭೀಮಶಾ ಇದ್ದ. ಖಾಕಿ ಹಾಕಿದ್ದ, ಮೀಸೆ ತಿದ್ದಿದ್ದ. ‘ಬರ್ರೀ ಸರ್, ಮುಂದ ಕೂಡ್ರಿ’ ಎಂದ. ಮುಂದಿನ ಬಸ್ಸು ಒಂದು ತಾಸಿಗೆ ಇದೆ, ಅದಕ್ಕೆ ಬರುತ್ತೇನೆ ಎನ್ನೋಣವೆಂದು ಬಾಯಿಗೆ ಬಂತು. ಆದರೆ ಸ್ಟಾಪಿನಲ್ಲಿ ಕಾಶಮ್ಮ ನಿಂತಿದ್ದಳು, ಕಾಗದಕ್ಕೆ ರುಜು ಮಾಡಿದವನು ನಾನೆಂದು ಇಡೀ ಊರಿಗೆ ಗೊತ್ತಿತ್ತು. ಹತ್ತಿ ಅವನ ಹಿಂದಿನ ಸೀಟಿನಲ್ಲೇ ಕೂತೆ. ಗಾಡಿ ಚೆನ್ನಾಗಿಯೇ ಹೊಡೆಯುತ್ತಿದ್ದ. ಒಂದು ಕೈ ಕಿಟಕಿಯ ಮೇಲೆ, ಬಾಯಲ್ಲಿ ಅಡಿಕೆ ಚೂರು, ಎದುರಿಗೆ ಬಂದವರಿಗೆಲ್ಲ ಒಂದು ಕೈಸನ್ನೆ. ಗಮನ ಎಂಬುದು ಅವನ ಹತ್ತಿರ ಎಲ್ಲೂ ಸುಳಿಯುತ್ತಿರಲಿಲ್ಲ. ನನ್ನ ಜೀವಕ್ಕೆ ತಂಪಾಯಿತು. ಸೇತುವೆ ಕಣ್ಣಿಗೆ ಬೀಳುವ ಹೊತ್ತಿಗೆ ಅವನು ಕನ್ನಡಿಯಲ್ಲಿ ನನ್ನನ್ನು ನೋಡಿ, ‘ಸರ್, ಒಂದು ಮಾತು ಕೇಳ್ಬೇಕಂತಿದ್ದೆ. ನನ್ನ ಕೈ ಹೆಂಗ ಛಲೋ ಆದ್ವು? ನೀವು ಏನು ಮಾಡಿದ್ರಿ ಖರೇ ಹೇಳ್ರಿ. ನಾ ಒಮ್ಮೊಮ್ಮೆ ವಿಚಾರ ಮಾಡ್ತೀನಿ, ಈ ಕೈ...’ ಎಂದು ಸ್ಟೇರಿಂಗಿನ ಮೇಲಿನ ಕೈಯತ್ತ ನೋಡಿದ.

ಮುಂದಿನ ಚಕ್ರ ಸೇತುವೆಗೆ ಹತ್ತಿತ್ತು. ನಾನು ನಡುವೆ ಬಾಯಿ ಹಾಕಿ, ಈ ಸಲ ಕೆಂಪು ಬಾಳೆಯ ಫಸಲು ಹೇಗಿದೆ ಎಂದು ಕೇಳಿದೆ. ಛಲೋ ಅದ ಎಂದ. ಅದಕ್ಕೆ ಯಾವ ಗೊಬ್ಬರ ಹಾಕುತ್ತಾರೆ ಎಂದೆ. ಖಾಜಾಸಾಬನ ಮಗಳ ಮದುವೆ ಗೊತ್ತಾಯಿತೇ ಎಂದೆ. ಅವನಿಗೆ ಮಗಳಿದ್ದಾಳೋ ಇಲ್ಲವೋ ನನಗೆ ತಿಳಿದಿರಲಿಲ್ಲ. ತಾಜಸುಲ್ತಾನಪುರಕ್ಕೆ ಹೊಸ ರಸ್ತೆ ಆಗುತ್ತದಂತೆ, ಚಹಾದ ಪುಡಿ ಮೊದಲಿನ ಹಾಗೆ ಇಲ್ಲವಂತೆ, ನಮ್ಮ ಮನೆಯ ರೆಗ್ಯುಲೇಟರು ಬಿಗಿಯಾಗಿದೆ, ಎಡಕ್ಕೆ ತಿರುವಬೇಕೋ ಬಲಕ್ಕೋ ಎಂದೆ. ಜೀವಮಾನದಲ್ಲಿ ಅಷ್ಟು ಮಾತು ನಾನು ಆಡಿರಲಿಲ್ಲ. ಕಂಡಕ್ಟರು ಎದ್ದು ಬಂದು ನನ್ನ ಭುಜ ತಟ್ಟಿ, ಡ್ರೈವರನ ತಲೆಯ ಮೇಲಿನ ಬೋರ್ಡಿನತ್ತ ಬೆರಳು ಮಾಡಿದ. ‘ಚಾಲಕರೊಂದಿಗೆ ಮಾತನಾಡಬಾರದು’ ಎಂದಿತ್ತು. ಪೂರಾ ಓದಿದೆ. ಓದಿ, ಅಕ್ಷರ ಭಾಳ ದುಂಡಗಿವೆ, ಬರೆದ ಪೇಂಟರು ಯಾವ ಊರಿನವನು ಎಂದು ಭೀಮಶಾನನ್ನು ಕೇಳಿದೆ. ಸೇತುವೆ ಇನ್ನೂ ಅರ್ಧ ಉಳಿದಿತ್ತು.